ಬುದ್ಧಿಹಲ್ಲು ತೆಗೆಸಿದ ಮೇಲೆ: ಅನ್ನ ಉಣ್ಣಬಹುದೇ, ರೊಟ್ಟಿ ಯಾವಾಗ?

ಪ್ರಶ್ನೆ: ನನಗ 27 ವರ್ಷ. ರಾಣೆಬೆನ್ನೂರಿನ ಒಂದು ಬೀಜದ ಅಂಗಡಿಯೊಳಗ ಕೆಲಸ. ಬಲಗಡೆ ಕೆಳಗಿನ ಬುದ್ಧಿಹಲ್ಲು ಅಡ್ಡ ಮಲಗೈತಿ ಅಂತ ಹುಬ್ಬಳ್ಳಿಯೊಳಗ ಒಸಡು ಕೊಯ್ದು, ಎಲುಬು ಕೊರೆದು ತೆಗೆದರು. ಮೂರು ಹೊಲಿಗಿ ಹಾಕ್ಯಾರ. ಇವತ್ತಿಗೆ ನಾಕು ದಿನ ಆತು. ಎರಡನೇ ದಿನ ನೋವು ಕಡಿಮಿ ಇತ್ತು, ನಿನ್ನೆ ರಾತ್ರಿಯಿಂದ ಮತ್ತ ಏರೈತಿ, ಕಿವಿ ತನಕ ಸೆಳೀತೈತಿ. ಬಾಯಿ ಎರಡು ಬೆರಳಿನಷ್ಟು ತೆರೆಯೂದೂ ಕಷ್ಟ. ಮೊಬೈಲ್ ಟಾರ್ಚ್ ಹಿಡಿದು ನೋಡಿದರ ಹಲ್ಲು ಇದ್ದ ಜಾಗಾದಾಗ ಬಿಳಿ ಕಾಣತೈತಿ. ಕೀವು ಏನು? ಅನ್ನ ಉಂಡರ ಕೀವು ಆಗತೈತಿ, ಮೊಸರು, ಬದನಿಕಾಯಿ, ಶೇಂಗಾ ನಂಜು ಅಂತ ಅಜ್ಜಿ ಏನೂ ಉಣ್ಣಗೊಡವಲ್ಲಳು. ಚಹಾ-ಬಿಸ್ಕಿಟ್ ಮ್ಯಾಲೆ ದಿನಾ ಕಳೀಲಿಕ್ಕತ್ತೀನಿ. ದೋಸ್ತರು ಲವಂಗದ ಎಣ್ಣಿ ಹಾಕು ಅಂತಾರ. ಎರಡನೇ ದಿನ ಒಂದ್ಸಲ ಎಲೆ-ಅಡಿಕಿ ತಂಬಾಕು ಹಾಕ್ಕೊಂಡಿದ್ದೆ, ಎಡಗಡೆ ಮಾತ್ರ. ರೊಟ್ಟಿ ಯಾವಾಗ ತಿನ್ನಬಹುದು? ಎಡಗಡೆ ಬುದ್ಧಿಹಲ್ಲೂ ತೆಗಸಬೇಕೇನು?

ಉತ್ತರ: ನೀವು ಕೇಳಿದ್ದು ಹೆಚ್ಚಾಗಿ ಊಟದ ಬಗ್ಗೆ. ಆದರೆ ಪತ್ರದಲ್ಲಿ ಮೊದಲು ಕಣ್ಣಿಗೆ ಬೀಳುವುದು ನೋವಿನ ಸಾಲು. ಬುದ್ಧಿಹಲ್ಲು ತೆಗೆದ ನೋವು ಮೊದಲ ದಿನ ಜೋರಾಗಿದ್ದು ದಿನದಿಂದ ದಿನಕ್ಕೆ ಇಳಿಯಬೇಕು. ಇಳಿದ ನೋವು ಮೂರನೇ ರಾತ್ರಿ ಮತ್ತೆ ಏರಿ, ಕಿವಿ-ಕಪಾಳಕ್ಕೆ ಸೆಳೆದು, ಮಾತ್ರೆಗೂ ಬಗ್ಗುತ್ತಿಲ್ಲ ಎಂದರೆ ಮೊದಲು ಸಂಶಯ ಪಡಬೇಕಾದ್ದು ಡ್ರೈ ಸಾಕೆಟ್ ಮೇಲೆ, ಅಂದರೆ ಹಲ್ಲು ಕಿತ್ತ ಕುಳಿಯ ಎಲುಬು ಬತ್ತಲಾಗಿರುವುದರ ಮೇಲೆ. ಇದನ್ನು ಓದಿದ ದಿನವೇ, ತಪ್ಪಿದರೆ ಮರುದಿನ ಬೆಳಗ್ಗೆ, ದಂತವೈದ್ಯರಿಗೆ ತೋರಿಸಿ. ಇದಕ್ಕಾಗಿ ಸುಮಾರು 100 ಕಿ.ಮೀ. ದೂರದ ಹುಬ್ಬಳ್ಳಿಗೇ ಹೋಗಬೇಕೆಂದಿಲ್ಲ. ರಾಣೆಬೆನ್ನೂರಿನಲ್ಲಿರುವ ಯಾವುದೇ ದಂತವೈದ್ಯರು ಇದಕ್ಕೆ ಬೇಕಾದ ಡ್ರೆಸ್ಸಿಂಗ್ ಮಾಡಬಲ್ಲರು. ಎಕ್ಸ್‌ರೇ, ಔಷಧಿ ಚೀಟಿ ಜೊತೆಗಿರಲಿ. ಹಲ್ಲು ತೆಗೆದವರಿಗೆ ಒಂದು ಫೋನ್ ಮಾಡಿ ವಿಷಯ ತಿಳಿಸಿಬಿಡಿ.

ಈಗ ಒಳಗೆ ಏನು ನಡೆಯುತ್ತದೆ ಎಂದು ನೋಡೋಣ. ಅದು ಗೊತ್ತಾದರೆ ಪಥ್ಯದ ಅರ್ಧ ಪ್ರಶ್ನೆಗಳು ತಾವೇ ಬಗೆಹರಿಯುತ್ತವೆ. ಹಲ್ಲು ಕಿತ್ತ ಕೂಡಲೇ ಆ ಕುಳಿ ರಕ್ತದಿಂದ ತುಂಬಿ, ರಕ್ತ ಹೆಪ್ಪುಗಟ್ಟುತ್ತದೆ. ಮೊಣಕಾಲು ಕೆತ್ತಿದಾಗ ಮೇಲೆ ಹಕ್ಕಳೆ ಕಟ್ಟುತ್ತದಲ್ಲ, ಆ ಕೆಲಸವನ್ನು ಬಾಯಿಯೊಳಗೆ ಈ ಹೆಪ್ಪು ಮಾಡುತ್ತದೆ. ಕೆಳಗಿನ ಎಲುಬನ್ನು, ಅಲ್ಲಿನ ನರದ ತುದಿಗಳನ್ನು ಅದು ಮುಚ್ಚಿಡುತ್ತದೆ. ಹೊಸ ಮಾಂಸ ಬೆಳೆಯುವುದು ಅದರೊಳಗೇ. ಅದು ಕರಗಿದರೆ ಅಥವಾ ಕಿತ್ತುಬಂದರೆ ಎಲುಬು ಬತ್ತಲಾಗುತ್ತದೆ. ಗಾಳಿ, ನೀರು, ಅನ್ನದ ಅಗುಳು ಏನು ತಾಗಿದರೂ ಸಿಡಿಯುತ್ತದೆ, ಬಾಯಿ ವಾಸನೆಯೂ ಬರುತ್ತದೆ. ಡ್ರೈ ಸಾಕೆಟ್ ಅಂದರೆ ಇದೇ. ಕೆಳದವಡೆಯ ಬುದ್ಧಿಹಲ್ಲಿನಲ್ಲೇ ಇದು ಹೆಚ್ಚು. ಎಲುಬು ಕೊರೆದು ತೆಗೆದಿದ್ದರೆ ಇನ್ನಷ್ಟು ಹೆಚ್ಚು. ತಂಬಾಕು ಬಳಸುವವರಿಗೆ, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವ ಹೆಣ್ಣುಮಕ್ಕಳಿಗೆ ಅಪಾಯ ಜಾಸ್ತಿ.

ಇದಕ್ಕೆ ಆಂಟಿಬಯಾಟಿಕ್ ಮಾತ್ರೆ ಏರಿಸಿದರೆ ನೋವು ಹೋಗುವುದಿಲ್ಲ. ಕುಳಿಯನ್ನು ಸಲೈನ್‌ನಿಂದ ಮೆಲ್ಲಗೆ ತೊಳೆದು, ಔಷಧಿ ಹಚ್ಚಿದ ಪಟ್ಟಿ ಇಟ್ಟರೆ ಹೆಚ್ಚಿನವರಿಗೆ ಅದೇ ದಿನ ನೋವು ಇಳಿಯುತ್ತದೆ. ಒಂದೆರಡು ದಿನಕ್ಕೊಮ್ಮೆ ಡ್ರೆಸ್ಸಿಂಗ್ ಬದಲಿಸಬೇಕಾಗಬಹುದು, ಪೂರ್ತಿ ಶಮನವಾಗಲು ಇನ್ನೊಂದು ವಾರ-ಹತ್ತು ದಿನ ಹಿಡಿಯಬಹುದು. ಆ ಪಟ್ಟಿಯಲ್ಲಿ ಸಾಮಾನ್ಯವಾಗಿ ಯೂಜಿನಾಲ್ ಇರುತ್ತದೆ, ಲವಂಗದ ಎಣ್ಣೆಯ ಮುಖ್ಯ ಅಂಶವೂ ಅದೇ. ನಿಮ್ಮ ದೋಸ್ತರ ಸಲಹೆ ಹುಟ್ಟಿದ್ದು ಬಹುಶಃ ಅಲ್ಲಿಂದ. ಆದರೆ ವೈದ್ಯರು ಅಳತೆ ನೋಡಿ ಪಟ್ಟಿಗೆ ಹಚ್ಚಿಡುವುದು ಬೇರೆ, ಅಂಗಡಿಯ ಎಣ್ಣೆಯನ್ನು ಹತ್ತಿಯಲ್ಲಿ ಅದ್ದಿ ತೆರೆದ ಗಾಯಕ್ಕೆ ತುರುಕುವುದು ಬೇರೆ. ಅಪ್ಪಟ ಎಣ್ಣೆ ಒಸಡನ್ನು ಸುಡುತ್ತದೆ, ಹತ್ತಿಯ ಎಳೆ ಕುಳಿಯಲ್ಲಿ ಉಳಿದು ಕೊಳೆಯುತ್ತದೆ. ಅರಿಶಿನಪುಡಿ, ಸುಣ್ಣ, ಮಾತ್ರೆ ಪುಡಿ ಮಾಡಿ ಹಚ್ಚುವುದು ಕೂಡ ಬೇಡ. ಆಸ್ಪಿರಿನ್ ಪುಡಿ ಒಸಡಿಗೆ ಹಚ್ಚಿ ಸುಟ್ಟುಕೊಂಡು ಬರುವವರು ಇವತ್ತಿಗೂ ಇದ್ದಾರೆ.

ಆ ಬಿಳಿ ಏನು? ಬಹುತೇಕ ಕೀವು ಅಲ್ಲ. ಚರ್ಮದ ಮೇಲಿನ ಹಕ್ಕಳೆ ಒಣಗಿ ಕಪ್ಪಾಗುತ್ತದೆ, ಬಾಯಿಯೊಳಗಿನದು ಸದಾ ಒದ್ದೆ ಇರುವುದರಿಂದ ಬಿಳಿ-ಹಳದಿ ಪೊರೆಯಂತೆ ಕಾಣುತ್ತದೆ. ಅದು ಗಾಯ ಮಾಯುತ್ತಿರುವ ಲಕ್ಷಣ. ಕಡ್ಡಿ, ಬ್ರಶ್, ಹತ್ತಿ ಹಾಕಿ ಕೆರೆದು ತೆಗೆದರೆ ನೀವೇ ಹೆಪ್ಪು ಕಿತ್ತಂತೆ. ಕೀವಿನ ಗುರುತು ಬೇರೆ: ಒಸಡು ಒತ್ತಿದರೆ ದ್ರವ ಬರುತ್ತದೆ, ಬಾಯಿ ಕೆಟ್ಟ ರುಚಿಯಾಗುತ್ತದೆ, ಬಾವು ಇಳಿಯುವ ಬದಲು ಏರುತ್ತದೆ, ಜ್ವರ ಬರುತ್ತದೆ. ಹೆಪ್ಪು ಉಳಿದಿದೆಯೋ, ಎಲುಬು ಕಾಣುತ್ತಿದೆಯೋ ಎಂಬುದು ಟಾರ್ಚ್ ಬೆಳಕಲ್ಲಿ ಮನೆಯವರಿಗೆ ತಿಳಿಯುವುದಿಲ್ಲ. ಅದನ್ನು ನೋಡಲು ದಂತವೈದ್ಯರ ಕುರ್ಚಿಯ ಮೇಲೆ ಕೂರಲೇಬೇಕು.

ಅಜ್ಜಿಯ ಮಾತಿಗೆ ಬರೋಣ. ಅನ್ನದಿಂದ ಕೀವು ಹುಟ್ಟುವುದಿಲ್ಲ. ಕೀವಿಗೆ ಕಾರಣ ಸೋಂಕು. ಹುಣ್ಣಿನ ಮೇಲೆ ಕಾಣುವ ಕೀವಿನ ಬಣ್ಣ ಗಂಜಿಯಂತಿರುವುದರಿಂದ ಈ ನಂಬಿಕೆ ಬೆಳೆದಿರಬಹುದು. ಮೊಸರು, ಬದನೆ, ಕುಂಬಳ, ಮೊಟ್ಟೆ ಯಾವುದೂ ಗಾಯವನ್ನು ಕೆಡಿಸುವುದಿಲ್ಲ. ಮೊದಲೇ ಅಲರ್ಜಿ ಇದ್ದರೆ ಮಾತ್ರ ಆ ಪದಾರ್ಥ ಬಿಡಿ. ಶೇಂಗಾ ವಿಷಯದಲ್ಲಿ ಅಜ್ಜಿ ಹೇಳಿದ್ದು ಸರಿ, ಕಾರಣ ಮಾತ್ರ ಬೇರೆ. ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಅಗಸಿ ಪುಡಿ, ಎಳ್ಳು ಇವುಗಳ ಕಾಳಿನ ಚೂರು ಕುಳಿಯೊಳಗೆ ಕೂತುಬಿಟ್ಟರೆ ಮುಕ್ಕಳಿಸಿದರೂ ಬರುವುದಿಲ್ಲ. ಎರಡು-ಮೂರು ವಾರ ಅವನ್ನು ದೂರವಿಡಿ. ಮೇಲಿನ ಹಲ್ಲು ತೆಗೆಸಿದರೆ ಕಣ್ಣು ಮಂಜಾಗುತ್ತದೆ ಎಂಬ ಹೆದರಿಕೆಯೂ ನಮ್ಮ ಕಡೆ ಇದೆ. ಹಲ್ಲಿನ ನರಕ್ಕೂ ಕಣ್ಣಿನ ದೃಷ್ಟಿಗೂ ಸಂಬಂಧವಿಲ್ಲ.

ಅಜ್ಜಿಗೆ ಒಂದು ಮಾತು ಹೇಳಿ: ಮೊಮ್ಮಗನ ಗಾಯಕ್ಕೆ ಈಗ ಹೆಚ್ಚು ಕೆಡುಕು ಮಾಡುತ್ತಿರುವುದು ಉಪವಾಸ. ಹೊಸ ಮಾಂಸ ಕಟ್ಟಲು ಪ್ರೋಟೀನ್ ಬೇಕು. 60 ಕೆ.ಜಿ. ತೂಕದವರಿಗೆ ದಿನಕ್ಕೆ ಸುಮಾರು 50-60 ಗ್ರಾಂ. ನಾಲ್ಕು ಚಹಾ, ಒಂದು ಪುಡಿಕೆ ಬಿಸ್ಕಿಟ್‌ನಲ್ಲಿ ಅದರ ಕಾಲುಭಾಗವೂ ಸಿಗುವುದಿಲ್ಲ. ಮೇಲಾಗಿ ನೆನೆದ ಬಿಸ್ಕಿಟ್ ಸಿಹಿ ಹಿಟ್ಟಾಗಿ ಹೊಲಿಗೆಯ ದಾರಕ್ಕೆ ಮೆತ್ತಿಕೊಳ್ಳುತ್ತದೆ. ಅದರ ಬದಲು ಅರ್ಧ ಲೀಟರ್ ಹಾಲು, ಒಂದು ದೊಡ್ಡ ಬಟ್ಟಲು ಮೊಸರು, ಎರಡು ಬಟ್ಟಲು ಗಟ್ಟಿ ಹೆಸರುಬೇಳೆ, ಉಣ್ಣುವವರಾದರೆ ಎರಡು ಮೊಟ್ಟೆ ಹೊಟ್ಟೆಗೆ ಹೋದರೆ ಲೆಕ್ಕ ಹೆಚ್ಚುಕಡಿಮೆ ತುಂಬಿತು.

ಮೊದಲ ದಿನದ ಕ್ರಮ ನಿಮಗೆ ಮುಗಿದುಹೋಗಿದೆ, ಮುಂದೆ ತೆಗೆಸುವವರಿಗಾಗಿ ಹೇಳುತ್ತೇನೆ. ಕಚ್ಚಿಸಿದ ಪಟ್ಟಿಯನ್ನು 30-45 ನಿಮಿಷ ಬಿಗಿಯಾಗಿ ಕಚ್ಚಿ ಹಿಡಿಯಬೇಕು. ಐದು ನಿಮಿಷಕ್ಕೊಮ್ಮೆ ತೆಗೆದು ನೋಡಬಾರದು. ತುಟಿ, ನಾಲಿಗೆಯ ಜೋಮು ಇಳಿಯುವತನಕ ಅಗಿಯುವಂಥದ್ದು ಏನೂ ಬೇಡ, ತುಟಿ ಕಚ್ಚಿಕೊಂಡರೂ ಗೊತ್ತಾಗುವುದಿಲ್ಲ. ಆಮೇಲೆ ತಣ್ಣಗಿನ ಹಾಲು, ಮಜ್ಜಿಗೆ, ಆರಿದ ರವೆಗಂಜಿ, ತುಂಡು-ಬೀಜವಿಲ್ಲದ ಐಸ್‌ಕ್ರೀಮ್. 24 ಗಂಟೆ ಬಿಸಿ ಚಹಾ, ಬಿಸಿ ಸಾರು ಬೇಡ. ಬಿಸಿಗೆ ರಕ್ತನಾಳ ಹಿಗ್ಗಿ ಮತ್ತೆ ರಕ್ತ ಜಿನುಗುತ್ತದೆ. ಬಾಯಿ ಮುಕ್ಕಳಿಸುವುದು, ಥೂ ಎಂದು ಉಗುಳುವುದು ಬೇಡ. ಜೊಲ್ಲಿನಲ್ಲಿ ತೆಳು ಕೆಂಪು ಒಂದು ದಿನ ಇರುತ್ತದೆ, ಅದನ್ನು ನುಂಗಿಬಿಡಿ. ರಕ್ತ ಬಾಯಿ ತುಂಬುತ್ತಿದ್ದರೆ ಎದ್ದು ಕೂತು, ಶುದ್ಧ ಗಾಜ್ ಅಥವಾ ಒಗೆದ ಕರವಸ್ತ್ರವನ್ನು ದಪ್ಪಗೆ ಮಡಚಿ, ತುಸು ಒದ್ದೆ ಮಾಡಿ, ಸರಿಯಾಗಿ ಆ ಜಾಗಕ್ಕೇ ಇಟ್ಟು ಅರ್ಧ ಗಂಟೆ ಕಚ್ಚಿ. ಎರಡು ಸಲ ಮಾಡಿದರೂ ನಿಲ್ಲದಿದ್ದರೆ ವೈದ್ಯರ ಬಳಿಗೆ ಹೊರಡಿ. ಮೊದಲ ಎರಡು ದಿನ ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಕೆನ್ನೆಯ ಹೊರಗೆ 15 ನಿಮಿಷ ಇಟ್ಟು, 15 ನಿಮಿಷ ಬಿಡುತ್ತ ಬಂದರೆ ಬಾವು ತುಸು ಹತೋಟಿಯಲ್ಲಿರುತ್ತದೆ. ಏನು ಮಾಡಿದರೂ 48ರಿಂದ 72 ಗಂಟೆಯೊಳಗೆ ಮುಖ ಹೆಚ್ಚು ಊದುವುದು ಸಹಜ. ಮೂರನೇ ದಿನ ಕನ್ನಡಿ ನೋಡಿ ಗಾಬರಿಯಾಗುವವರೇ ಹೆಚ್ಚು.

ನಿಮ್ಮಂತೆ ನಾಲ್ಕು ದಿನ ಕಳೆದವರು ಉಗುರುಬೆಚ್ಚಗಿನ, ಅಗಿಯದೆ ನಾಲಿಗೆಯಿಂದಲೇ ಒತ್ತಿ ನುಂಗಬಹುದಾದ ಊಟಕ್ಕೆ ಬರಬಹುದು. ನಮ್ಮ ಮನೆಗಳ ಅಡುಗೆಯಲ್ಲೇ ಬೇಕಾದಷ್ಟಿದೆ: ಜೋಳದ ನುಚ್ಚು ಚೆನ್ನಾಗಿ ಬೇಯಿಸಿ ಮಜ್ಜಿಗೆಯಲ್ಲಿ ಕಲಸಿದ್ದು, ಅಂಬಲಿ, ಮೆತ್ತಗಿನ ಅನ್ನಕ್ಕೆ ಬೇಳೆಕಟ್ಟು-ತುಪ್ಪ, ಹೆಸರುಬೇಳೆ ಕಿಚಡಿ, ಸಜ್ಜಕ, ಮೊಸರನ್ನ (ಸಾಸಿವೆ-ಮೆಣಸಿನಕಾಯಿ ಒಗ್ಗರಣೆ ಬೇಡ), ಬೇಯಿಸಿ ಮಸೆದ ಆಲೂಗಡ್ಡೆ, ಬಾಳೆಹಣ್ಣು, ಚಿಕ್ಕು, ಪಪ್ಪಾಯಿ. ಬ್ಯಾಡಗಿ ಮೆಣಸಿನಕಾಯಿಯ ಖಾರ ಎಷ್ಟೇ ಸೌಮ್ಯವಿದ್ದರೂ ತೆರೆದ ಗಾಯಕ್ಕೆ ಉರಿಯೇ, ಒಂದು ವಾರ ಬಿಡಿ. ಉದುರು ಉಪ್ಪಿಟ್ಟು, ಅವಲಕ್ಕಿ, ಗಿರ್ಮಿಟ್, ಚುರುಮುರಿ, ಮಿರ್ಚಿ ಭಜಿ ಈಗ ಬೇಡವೇ ಬೇಡ. ಧಾರವಾಡ ಪೇಢಾ ಬಾಯಲ್ಲಿ ಕರಗುತ್ತದೆ, ತಿನ್ನಬಹುದು, ತಿಂದ ಮೇಲೆ ಬಾಯಿ ತೊಳೆದುಕೊಳ್ಳಿ. ದಿನಕ್ಕೆ ಎರಡು ಲೀಟರ್‌ಗೆ ಕಡಿಮೆಯಿಲ್ಲದಂತೆ ನೀರು ಕುಡಿಯಿರಿ, ಆದರೆ ಸ್ಟ್ರಾ ಮುಟ್ಟಬೇಡಿ. ಹೀರಿದಾಗ ಬಾಯಿಯೊಳಗೆ ಉಂಟಾಗುವ ಎಳೆತ ಹೆಪ್ಪನ್ನು ಕಿತ್ತೆಬ್ಬಿಸಬಲ್ಲದು. ಎಳನೀರಿನವರು ಕಾಯಿ ಕೊಚ್ಚಿ ಸ್ಟ್ರಾ ಇಟ್ಟು ಕೈಗೆ ಕೊಡುತ್ತಾರೆ, ಲೋಟಕ್ಕೆ ಸುರುವಿಸಿಕೊಂಡು ಕುಡಿಯಿರಿ.

ಮನೆಯಲ್ಲಿ ಸಕ್ಕರೆ ಕಾಯಿಲೆಯವರು ಹಲ್ಲು ತೆಗೆಸಿದರೆ ಒಂದು ಎಚ್ಚರಿಕೆ ಬೇಕು. ಊಟ ಅರ್ಧಕ್ಕಿಳಿದು ಮಾತ್ರೆ ಅಥವಾ ಇನ್ಸುಲಿನ್ ಅಷ್ಟೇ ಮುಂದುವರಿದರೆ ಸಕ್ಕರೆ ಹಠಾತ್ ಕುಸಿಯಬಹುದು. ಆ ದಿನಗಳ ಪ್ರಮಾಣವನ್ನು ಮೊದಲೇ ವೈದ್ಯರಲ್ಲಿ ಕೇಳಿಟ್ಟುಕೊಳ್ಳಬೇಕು. ರಕ್ತ ತೆಳು ಮಾಡುವ ಮಾತ್ರೆಯನ್ನು ಯಾರೂ ತಾವಾಗಿಯೇ ನಿಲ್ಲಿಸಬಾರದು.

ರೊಟ್ಟಿ. ಒಂದು ವಾರದ ನಂತರ, ಹೊಲಿಗೆ ಬಿಚ್ಚಿಸಿ ನೋವಿಲ್ಲದಿದ್ದರೆ, ರೊಟ್ಟಿಯನ್ನು ಮುರಿದು ಹಾಲಿನಲ್ಲೋ ಬೇಳೆಕಟ್ಟಿನಲ್ಲೋ ಚೆನ್ನಾಗಿ ನೆನೆಸಿ ಉಣ್ಣಬಹುದು. ಎರಡು ವಾರಕ್ಕೆ ಹಂಚಿನಿಂದ ಆಗಷ್ಟೇ ಇಳಿಸಿದ ಮೆತ್ತನೆಯ ಬಿಸಿರೊಟ್ಟಿ, ಎಡದವಡೆಯಲ್ಲಿ ಅಗಿದು. ಕಡಕ್ ರೊಟ್ಟಿಗೆ ಮಾತ್ರ ಪೂರಾ ನಾಲ್ಕು ವಾರ ತಡೆಯಿರಿ. ಅದರ ಅಂಚು ಹೊಸ ಒಸಡನ್ನು ಚುಚ್ಚುತ್ತದೆ ಎಂಬುದು ಒಂದು ಕಾರಣ. ಇನ್ನೊಂದನ್ನು ಯಾರೂ ಹೇಳುವುದಿಲ್ಲ: ಆಳದಲ್ಲಿದ್ದ ಹಲ್ಲನ್ನು ಎಲುಬು ಕೊರೆದು ತೆಗೆದಾಗ ದವಡೆಯ ಆ ಕೋನ ಕೆಲವು ವಾರ ಬಡವಾಗಿರುತ್ತದೆ. ಒಸಡು ಮುಚ್ಚಲು ಮೂರ್ನಾಲ್ಕು ವಾರ ಸಾಕು, ಕುಳಿಯೊಳಗೆ ಎಲುಬು ತುಂಬಲು ತಿಂಗಳುಗಳೇ ಬೇಕು. ಅಪರೂಪಕ್ಕಾದರೂ, ಎರಡರಿಂದ ನಾಲ್ಕನೇ ವಾರದೊಳಗೆ ನೋವು ಹೋಯಿತೆಂದು ಗಟ್ಟಿ ಪದಾರ್ಥ ಕಡಿದಾಗ ದವಡೆ ಮುರಿದದ್ದುಂಟು. ಕಬ್ಬು ಹಲ್ಲಲ್ಲಿ ಸಿಗಿಯುವುದು, ಹುರಿಗಡಲೆ, ಗಟ್ಟಿ ಅಡಿಕೆ ಒಂದು ತಿಂಗಳು ಬಿಡಿ. ಅಗಿಯುವಾಗ ಟಕ್ ಎಂದು ಸದ್ದಾಗಿ, ಹಲ್ಲುಗಳು ಮೊದಲಿನಂತೆ ಒಂದಕ್ಕೊಂದು ಕೂಡದಿದ್ದರೆ ತಡಮಾಡದೆ ತೋರಿಸಿ. ಅಂಗಡಿಯಲ್ಲಿ ಚೀಲ ಎತ್ತುವ ಕೆಲಸವನ್ನೂ ಒಂದು ವಾರ ಬೇರೆಯವರಿಗೆ ವಹಿಸಿ.

ತಂಬಾಕಿನ ವಿಷಯ ನೇರವಾಗಿ ಹೇಳುತ್ತೇನೆ, ನೀವೂ ಮುಚ್ಚಿಡದೆ ಬರೆದಿದ್ದೀರಿ. ಎಡಗಡೆ ಹಾಕಿಕೊಂಡರೂ ಬಲಗಡೆಯ ಗಾಯ ತಪ್ಪಿಸಿಕೊಳ್ಳುವುದಿಲ್ಲ. ನಿಕೋಟಿನ್ ರಕ್ತಕ್ಕೆ ಸೇರಿ ಎಲ್ಲ ಕಡೆಯ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಗಾಯಕ್ಕೆ ಬೇಕಾದ ರಕ್ತ ಸಾಲದಾಗುತ್ತದೆ. ಜೊತೆಗೆ ಪ್ರತಿ ಸಲ ಪಿಚಕ್ ಎಂದು ಉಗುಳುವುದು ಸ್ಟ್ರಾ ಹೀರಿದಷ್ಟೇ ಕೆಟ್ಟದ್ದು. ಸುಣ್ಣ ಒಸಡನ್ನು ಸುಡುತ್ತದೆ, ಅಡಿಕೆಯ ಚೂರು ಕುಳಿಗೆ ಇಳಿಯುತ್ತದೆ. ಗುಟ್ಕಾ, ಬೀಡಿ, ಮಿಶ್ರಿ ಉಜ್ಜುವುದು ಎಲ್ಲಕ್ಕೂ ಇದೇ ಮಾತು. ಕನಿಷ್ಠ ಎರಡು ವಾರ ಪೂರ್ತಿ ನಿಲ್ಲಿಸಿ. ಚಟ ಎಳೆಯುತ್ತಿದ್ದರೆ ವೈದ್ಯರಿಗೆ ಹೇಳಿ, ಈ ದಿನಗಳಲ್ಲಿ ನಿಕೋಟಿನ್ ಚೂಯಿಂಗ್ ಗಮ್ ಅಗಿಯುವುದೂ ಸರಿಯಲ್ಲ. ಬಾಯಿ ತೆರೆಯದಿರಲು ಸ್ನಾಯುವಿನ ಬಿಗಿತ ಸಾಮಾನ್ಯ ಕಾರಣ. ಆದರೆ ವರ್ಷಗಟ್ಟಲೆ ಅಡಿಕೆ ಜಗಿದವರಿಗೆ ಕೆನ್ನೆಯ ಒಳಪದರ ನಾರುಗಟ್ಟಿಯೂ ಬಾಯಿ ಚಿಕ್ಕದಾಗುತ್ತದೆ. ಹಲ್ಲು ತೆಗೆಸುವ ಮೊದಲೇ ನಿಮ್ಮ ಮೂರು ಬೆರಳು ಒಂದರ ಮೇಲೊಂದು ಬಾಯಲ್ಲಿ ಹಿಡಿಯುತ್ತಿರಲಿಲ್ಲವೆಂದರೆ, ಖಾರ ತಾಗಿದರೆ ಬಾಯಿ ಉರಿಯುತ್ತಿತ್ತೆಂದರೆ, ಅದನ್ನು ಈ ಭೇಟಿಯಲ್ಲೇ ಹೇಳಿ. ಅದು ಮುಂದೆ ಕ್ಯಾನ್ಸರ್‌ಗೆ ತಿರುಗಬಲ್ಲ ಸ್ಥಿತಿ.

ಬಿಗಿತಕ್ಕೆ ಮನೆಯ ಉಪಾಯವಿದೆ. ಜ್ವರವಿಲ್ಲದಿದ್ದರೆ ಬಿಸಿನೀರಲ್ಲಿ ಹಿಂಡಿದ ಬಟ್ಟೆಯಿಂದ ಕೆನ್ನೆಗೆ ಹೊರಗಿನಿಂದ 15 ನಿಮಿಷ ಶಾಖ, ದಿನಕ್ಕೆ ಮೂರ್ನಾಲ್ಕು ಸಲ. ನಾಲ್ಕನೇ ದಿನ ಮಂಜುಗಡ್ಡೆಯಿಂದ ಲಾಭವಿಲ್ಲ. ಶಾಖದ ಬೆನ್ನಿಗೇ ಹೆಬ್ಬೆರಳನ್ನು ಮೇಲಿನ ಮುಂಹಲ್ಲಿಗೆ, ತೋರುಬೆರಳನ್ನು ಕೆಳಗಿನದಕ್ಕೆ ಇಟ್ಟು, ಸೆಳೆತ ಬರುವಷ್ಟು ಮಾತ್ರ ಮೆಲ್ಲಗೆ ತೆರೆದು ಐದೆಣಿಸಿ ಬಿಡಿ. ಹತ್ತು ಸಲ. ಜಗ್ಗಿ ತೆರೆಯಬೇಡಿ.

ಉಪ್ಪುನೀರನ್ನು 24 ಗಂಟೆಯ ನಂತರವೇ ಶುರು ಮಾಡಬೇಕು, ನೀವೀಗ ಧಾರಾಳವಾಗಿ ಮಾಡಬಹುದು. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು. ಬಾಯಿಯಲ್ಲಿ ತುಂಬಿಕೊಂಡು ತಲೆಯನ್ನು ಬಲಕ್ಕೆ ವಾಲಿಸಿ ಅರ್ಧ ನಿಮಿಷ ಹಿಡಿದು, ಬಾಯಿ ತೆರೆದು ನೀರು ತಾನೇ ಬೀಳಲು ಬಿಡಿ. ಗಳಗಳ ಮುಕ್ಕಳಿಸಿ ಉಗುಳಬಾರದು. ಪ್ರತಿ ಊಟದ ನಂತರ ಮತ್ತು ಮಲಗುವಾಗ. ಬಾಯಿ ಮುಕ್ಕಳಿಸುವ ಔಷಧಿ ಕ್ಲೋರ್‌ಹೆಕ್ಸಿಡಿನ್ 0.2% ಬರೆದಿದ್ದರೆ 10 ಮಿ.ಲೀ. ದಿನಕ್ಕೆ ಎರಡೇ ಸಲ, ಪೇಸ್ಟ್ ಹಚ್ಚಿದ ಅರ್ಧ ಗಂಟೆ ಬಿಟ್ಟು. ಎರಡು ವಾರ ಮೀರಿದರೆ ಹಲ್ಲಿಗೆ ಕಂದು ಕಲೆ ಹಿಡಿಯುತ್ತದೆ. ಉಳಿದ ಹಲ್ಲುಗಳನ್ನು ಮೆತ್ತನೆಯ ಬ್ರಶ್‌ನಿಂದ ತಪ್ಪದೆ ಉಜ್ಜಿ. ಕುಳಿಯಲ್ಲಿ ಅಗುಳು ಸಿಕ್ಕಿಕೊಳ್ಳುತ್ತಿದ್ದರೆ ಒಂದು ವಾರದ ನಂತರ, ವೈದ್ಯರು ಒಪ್ಪಿದರೆ, ಸೂಜಿ ತೆಗೆದ 10 ಮಿ.ಲೀ. ಸಿರಿಂಜಿನಿಂದ ಮೆಲ್ಲಗೆ ನೀರು ಹಾಯಿಸಿ ತೊಳೆಯಬಹುದು.

ಮಾತ್ರೆಯಲ್ಲಿ ಆಗುವ ದೊಡ್ಡ ತಪ್ಪು, ಒಂದೇ ಔಷಧಿ ಎರಡು ಹೆಸರಿನಲ್ಲಿ ಹೊಟ್ಟೆ ಸೇರುವುದು. ಕಾಂಬಿಫ್ಲಾಮ್‌ನಲ್ಲಿ ಐಬುಪ್ರೊಫೆನ್ 400 ಮಿ.ಗ್ರಾಂ ಜೊತೆಗೆ ಪ್ಯಾರಾಸಿಟಮಾಲ್ 325 ಮಿ.ಗ್ರಾಂ ಇದೆ. ಅದರ ಮೇಲೆ ಡೋಲೋ 650 ನುಂಗುತ್ತ ಹೋದರೆ ಪ್ಯಾರಾಸಿಟಮಾಲ್ ಲೆಕ್ಕ ತಪ್ಪುತ್ತದೆ. ದೊಡ್ಡವರಿಗೆ ದಿನದ ಮಿತಿ 4 ಗ್ರಾಂ, ಮದ್ಯ ಕುಡಿಯುವವರಿಗೆ, ತೂಕ ಕಡಿಮೆಯವರಿಗೆ ಇನ್ನೂ ಕಡಿಮೆ. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ, ಅಸ್ತಮಾ ಇದ್ದವರು, ಗರ್ಭಿಣಿಯರು ಐಬುಪ್ರೊಫೆನ್ ಕೇಳದೆ ತೆಗೆದುಕೊಳ್ಳಬಾರದು. ಬರೀ ಹೊಟ್ಟೆಯಲ್ಲಂತೂ ಬೇಡ, ಉಪವಾಸವಿರುವ ನಿಮಗೆ ಇದು ಮುಖ್ಯ. ಚೀಟಿಯಲ್ಲಿ ಮೆಟ್ರೋನಿಡಜೋಲ್ ಇದ್ದರೆ ಅದು ಮುಗಿದು ಎರಡು ದಿನದವರೆಗೆ ಮದ್ಯ ಮುಟ್ಟಬೇಡಿ.

ಇನ್ನು ಕೆಲವಕ್ಕೆ ಬೆಳಗಿನವರೆಗೆ ಕಾಯುವಂತಿಲ್ಲ. ಬಾವು ದವಡೆಯ ಕೆಳಗೆ, ಕುತ್ತಿಗೆಗೆ ಇಳಿಯುತ್ತಿದ್ದರೆ, ಜೊಲ್ಲು ನುಂಗಲೂ ಆಗದಿದ್ದರೆ, ನಾಲಿಗೆ ಮೇಲಕ್ಕೆ ಎದ್ದುಬಂದು ದನಿ ಬದಲಾದರೆ, ಉಸಿರಿಗೆ ತೊಡಕಾದರೆ ರಾತ್ರಿ ಎಷ್ಟೇ ಹೊತ್ತಾಗಿರಲಿ 108ಕ್ಕೆ ಕರೆಮಾಡಿ ಹಾವೇರಿ ಜಿಲ್ಲಾಸ್ಪತ್ರೆಗೋ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆಗೋ ಹೋಗಬೇಕು. ಕತ್ತಿನ ಒಳಗೆ ಹರಡುವ ಸೋಂಕು ಗಂಟೆಗಳಲ್ಲಿ ಉಸಿರು ಕಟ್ಟಿಸಬಲ್ಲದು. ಇಷ್ಟು ತುರ್ತಲ್ಲದಿದ್ದರೂ, ಕೆಳತುಟಿ, ಗದ್ದ ಅಥವಾ ನಾಲಿಗೆಯ ಜೋಮು ಮರುದಿನವೂ ಉಳಿದಿದ್ದರೆ ವೈದ್ಯರಿಗೆ ತಿಳಿಸಿ. ಹಲ್ಲಿನ ಬೇರಿನ ಬದಿಯಲ್ಲೇ ನರ ಹಾದುಹೋಗುತ್ತದೆ. ಹೆಚ್ಚಿನವರಿಗೆ ವಾರ-ತಿಂಗಳುಗಳಲ್ಲಿ ಸರಿಹೋಗುತ್ತದೆ, ಆದರೂ ಮೊದಲ ದಿನದಿಂದ ದಾಖಲಾಗಿರಬೇಕು.

ಕೊನೆಗೆ ಎಡಗಡೆಯ ಹಲ್ಲು. ಬುದ್ಧಿಹಲ್ಲು ಎಂಬ ಒಂದೇ ಕಾರಣಕ್ಕೆ ಅದನ್ನು ತೆಗೆಸಬೇಕಾಗಿಲ್ಲ. ನೆಟ್ಟಗೆ ಬಂದು, ಬ್ರಶ್ ತಲುಪಿ, ಎದುರು ಹಲ್ಲಿನೊಂದಿಗೆ ಅಗಿಯುತ್ತಿದ್ದರೆ ಹಾಗೇ ಇರಲಿ. ಅರ್ಧ ಒಸಡಿನೊಳಗಿದ್ದು ಪದೇಪದೇ ಬಾತುಕೊಳ್ಳುತ್ತಿದ್ದರೆ, ಮುಂದಿನ ದಾಡೆಹಲ್ಲಿಗೆ ಹುಳುಕು ಹಿಡಿಸುತ್ತಿದ್ದರೆ, ಸುತ್ತ ನೀರುಗಂಟು ಕಂಡರೆ ತೆಗೆಸುವುದೇ ಒಳ್ಳೆಯದು. ಬಾಯಿ ಪೂರ್ತಿ ತೆರೆಯುವಂತಾಗಿ, ಬಲಗಡೆ ಅಗಿಯಲು ಬರುವವರೆಗೆ, ಅಂದರೆ ಕನಿಷ್ಠ ನಾಲ್ಕು ವಾರ, ಆ ಕಡೆ ಕೈಹಾಕಿಸಬೇಡಿ. ಹೊಲಿಗೆ ಬಿಚ್ಚಿಸಲು ಏಳನೇ ದಿನ ಹೋದಾಗ ಹಳೆಯ ಎಕ್ಸ್‌ರೇ ಮುಂದಿಟ್ಟು, ಎಡಗಡೆಯ ಬೇರು ನರಕ್ಕೆ ಎಷ್ಟು ಹತ್ತಿರವಿದೆ ಎಂದು ಕೇಳಿ ತಿಳಿದುಕೊಳ್ಳಿ.